ಎತ್ತರದ ಹುಡುಗರಿಗೆ ತಡವಾಗಿ ತೆರೆಯುವ ಬಾಗಿಲು

ನಮ್ಮ ಕಡೆ ಉದ್ದ ಬೆಳೆದ ಹುಡುಗನಿಗೆ ಊರು ಕೊಡೋ ಕೆಲಸ ಮೂರೇ ಮೂರು. ಗಣೇಶನ ಪೆಂಡಾಲಿಗೆ ಸೀರಿಯಲ್ ಲೈಟ್ ಕಟ್ಟೋದು, ಅಟ್ಟದ ಮೇಲಿನ ಪಾತ್ರೆ ಇಳಿಸಿಕೊಡೋದು, ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲೋದು. ಅದಕ್ಕೆ ಪ್ರತಿಯಾಗಿ ಊರು ಅವನಿಗೆ ಹೆಸರುಗಳನ್ನೂ ಕೊಡುತ್ತೆ: ಲಂಬು, ಒಂಟೆ, ಕರೆಂಟ್ ಕಂಬ. ಹುಡುಗಿಯಾದ್ರೆ ಕಥೆ ಇನ್ನೂ ಕಷ್ಟ. ಎಂಟನೇ ಕ್ಲಾಸಿಗೆ ಅಮ್ಮನಿಗಿಂತ ಉದ್ದ ಆದಳು ಅಂದ್ರೆ ಮನೆಗೆ ಬಂದ ನೆಂಟರೆಲ್ಲ "ಇಷ್ಟುದ್ದಕ್ಕೆ ಗಂಡು ಎಲ್ಲಿಂದ ತರ್ತೀರವ್ವ?" ಅಂತ ಕೇಳಿಯೇ ಟೀ ಕುಡಿಯೋದು. ಆ ಹುಡುಗಿ ಅವತ್ತಿಂದ ಬೆನ್ನು ಬಗ್ಗಿಸಿ ನಡೆಯೋಕೆ ಶುರು ಮಾಡ್ತಾಳೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಈ ಐದೂ ತಾಲ್ಲೂಕು ಒಂದೇ ಜಿಲ್ಲೆಗೆ ಸೇರಿವೆ. ಹೊಸಪೇಟೆಯನ್ನು ಬಿಟ್ಟರೆ ಇಡೀ ಜಿಲ್ಲೆ ಅಂದ್ರೆ ನಾವೇ. ಮೆಕ್ಕೆಜೋಳ, ಶೇಂಗಾ, ಸೂರ್ಯಕಾಂತಿ ಬೆಳೆಯೋರು ನಾವು. ಹಡಗಲಿ ಅಂದ್ರೆ ಮಲ್ಲಿಗೆ, ಕೊಟ್ಟೂರು ಅಂದ್ರೆ ಗುರು ಕೊಟ್ಟೂರೇಶ್ವರನ ತೇರು ಅಂತ ಹೊರಗಿನವರಿಗೂ ಗೊತ್ತು. ಆಟ ಅಂತ ಬಂದ್ರೆ ನಮಗೆ ಕಬಡ್ಡಿ, ಖೋಖೋ, ವಾಲಿಬಾಲ್, ಬಯಲು ಸಿಕ್ಕರೆ ಟೆನಿಸ್ ಬಾಲ್ ಕ್ರಿಕೆಟ್. ಬಾಸ್ಕೆಟ್‌ಬಾಲ್ ಮಾತ್ರ ಟೀವಿಯಲ್ಲಿ, ಸಿನಿಮಾದ ಕಾಲೇಜ್ ಸೀನ್‌ನಲ್ಲಿ, ಇಲ್ಲಾ ಸಿಟಿಯ ಇಂಗ್ಲಿಷ್ ಮೀಡಿಯಂ ಶಾಲೆಯ ಕಾಂಪೌಂಡ್ ಒಳಗೆ ಕಾಣೋ ವಸ್ತು.

ಆದ್ರೂ ಈ ಲೇಖನ ಬಾಸ್ಕೆಟ್‌ಬಾಲ್ ಬಗ್ಗೆಯೇ. ಅದರಲ್ಲೂ ಒಂದೇ ಒಂದು ಸ್ಥಾನದ ಬಗ್ಗೆ: ಸೆಂಟರ್. ನಾನು ಹೇಳಬೇಕು ಅಂದುಕೊಂಡಿರೋದು ಇಷ್ಟೇ. ಪಿಯುಸಿ ಮುಗಿಯೋವರೆಗೂ ಬಾಸ್ಕೆಟ್‌ಬಾಲ್ ಮುಟ್ಟದ ಹಳ್ಳಿ ಹುಡುಗನಿಗೆ ಈ ಆಟದಲ್ಲಿ ಇನ್ನೂ ತೆರೆದಿರುವ ಬಾಗಿಲು ಅಂದ್ರೆ ಸೆಂಟರ್ ಒಂದೇ. ಆದರೆ ಆ ಬಾಗಿಲಿಗೆ ಹೋಗೋ ದಾರಿಯನ್ನು ಯಾರಾದರೂ ಕೈಯಾರೆ ಕಟ್ಟಬೇಕು. ಪಂಜಾಬಿನಲ್ಲಿ ಕಟ್ಟಿದರು, ಭಿಲಾಯಿಯಲ್ಲಿ ಕಟ್ಟಿದರು. ನಮ್ಮಲ್ಲಿ ಇನ್ನೂ ಕಟ್ಟಿಲ್ಲ.

ಮೊದಲು ಸೆಂಟರ್ ಅಂದ್ರೆ ಏನು ಅಂತ ನೋಡೋಣ. ಬಾಸ್ಕೆಟ್‌ಬಾಲ್ ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ಬುಟ್ಟಿಯ ರಿಂಗ್ ನೆಲದಿಂದ 3.05 ಮೀಟರ್, ಅಂದ್ರೆ ಸರಿಯಾಗಿ ಹತ್ತಡಿ ಮೇಲೆ. ತಂಡಕ್ಕೆ ಐದು ಜನ. ಪಾಯಿಂಟ್ ಗಾರ್ಡ್ ಅನ್ನೋನು ಚೆಂಡನ್ನು ಪುಟಿಸಿಕೊಂಡು ತಂದು ಆಟ ನಡೆಸ್ತಾನೆ. ಅವನ ಬೆರಳಿಗೆ ಚೆಂಡಿನ ಅಭ್ಯಾಸ ಏಳೆಂಟು ವಯಸ್ಸಿಗೇ ಹತ್ತಿದ್ರೆ ಒಳ್ಳೇದು. ದೂರದಿಂದ ಎಸೆಯೋನಿಗೂ ಸಾವಿರಾರು ಗಂಟೆಗಳ ಅಭ್ಯಾಸ ಬೇಕು. ಸೆಂಟರ್ ಕಥೆ ಬೇರೆ. ಅವನು ಬುಟ್ಟಿಯ ಹತ್ತಿರ ನಿಲ್ಲೋನು. ಎದುರಾಳಿಯ ಎಸೆತ ತಡೆಯೋದು, ಗುರಿ ತಪ್ಪಿ ರಿಂಗಿಗೆ ಬಡಿದು ಪುಟಿದ ಚೆಂಡನ್ನು ಹಿಡಿಯೋದು, ತನ್ನ ತಂಡದವನಿಗೆ ಜಾಗ ಆಗಲಿ ಅಂತ ಎದುರಾಳಿಯ ದಾರಿಗೆ ಗೋಡೆಯಾಗಿ ನಿಲ್ಲೋದು, ಬುಟ್ಟಿಗೆ ಬೆನ್ನು ಮಾಡಿ ಚೆಂಡು ತಗೊಂಡು ತಿರುಗಿ ಹಾಕೋದು ಅವನ ಕೆಲಸ. ಇದಕ್ಕೆ ಎತ್ತರ ಬೇಕು, ಕಾಲಿನ ಚುರುಕು ಬೇಕು, ಮೈಗೆ ಮೈ ತಾಗಿದರೆ ಹಿಂಜರಿಯದ ಮನಸ್ಸು ಬೇಕು. ಮೊದಲನೆಯದನ್ನು ಯಾವ ಕೋಚೂ ಕಲಿಸೋಕೆ ಆಗಲ್ಲ. ಉಳಿದೆರಡನ್ನು ಬೇರೆ ಆಟದಿಂದಲೂ ತರಬಹುದು.

ಹಾಗೆ ಬೇರೆ ಆಟದಿಂದ ಬಂದವರ ಪಟ್ಟಿ ನೋಡಿದ್ರೆ ಆಶ್ಚರ್ಯ ಆಗುತ್ತೆ. ಹಕೀಮ್ ಒಲಾಜುವಾನ್ ನೈಜೀರಿಯಾದ ಲಾಗೋಸ್‌ನಲ್ಲಿ ಫುಟ್‌ಬಾಲ್, ಹ್ಯಾಂಡ್‌ಬಾಲ್ ಆಡಿಕೊಂಡಿದ್ದ ಹುಡುಗ. ಹದಿನೈದರ ಹೊತ್ತಿಗೆ ಬಾಸ್ಕೆಟ್‌ಬಾಲ್ ಶುರು ಮಾಡಿದ. 1984ರ ಎನ್‌ಬಿಎ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಆಯ್ಕೆಯಾದ, 1994 ಮತ್ತು 1995ರಲ್ಲಿ ಹ್ಯೂಸ್ಟನ್ ತಂಡಕ್ಕೆ ಚಾಂಪಿಯನ್ ಪಟ್ಟ ತಂದುಕೊಟ್ಟ. ಎನ್‌ಬಿಎಯಲ್ಲಿ ಅತಿ ಹೆಚ್ಚು ಬ್ಲಾಕ್ ಮಾಡಿದ ದಾಖಲೆ ಇವತ್ತಿಗೂ ಅವನದೇ, 3,830. ಅವನ ಹೆಜ್ಜೆಗಾರಿಕೆಯನ್ನು ಹೊಗಳೋರೆಲ್ಲ ಅದು ಫುಟ್‌ಬಾಲ್, ಹ್ಯಾಂಡ್‌ಬಾಲಿನಿಂದ ಬಂದದ್ದು ಅಂತಾರೆ. ಕಾಂಗೋದ ಡಿಕೆಂಬೆ ಮುಟೊಂಬೊ 1987ರಲ್ಲಿ ಡಾಕ್ಟರ್ ಆಗಬೇಕು ಅಂತ ಅಮೆರಿಕದ ಜಾರ್ಜ್‌ಟೌನ್ ಯೂನಿವರ್ಸಿಟಿಗೆ ಬಂದವನು. ಕ್ಯಾಮರೂನಿನ ಜೋಯೆಲ್ ಎಂಬೀಡ್ ವಾಲಿಬಾಲ್ ಆಟಗಾರ ಆಗಿದ್ದವನು, ಹದಿನೈದರ ಸುಮಾರಿಗೆ ಬಾಸ್ಕೆಟ್‌ಬಾಲ್ ಹಿಡಿದ. 2014ರಲ್ಲಿ ಡ್ರಾಫ್ಟ್‌ನ ಮೂರನೇ ಆಯ್ಕೆ, 2023ರಲ್ಲಿ ಎನ್‌ಬಿಎಯ ಅತ್ಯಂತ ಬೆಲೆಯುಳ್ಳ ಆಟಗಾರ. ಟಿಮ್ ಡಂಕನ್ ಈಜುಗಾರ. 1989ರಲ್ಲಿ ಹ್ಯೂಗೊ ಚಂಡಮಾರುತ ಅವನ ದ್ವೀಪದ ಈಜುಕೊಳವನ್ನೇ ಹಾಳು ಮಾಡಿದ ಮೇಲೆ ಈ ಕಡೆ ತಿರುಗಿದ.

"ಅವರೆಲ್ಲ ಆಫ್ರಿಕಾ, ಅಮೆರಿಕಾದವರು ಬಿಡು, ನಮ್ಮ ಕಥೆ ಹೇಳು" ಅಂತೀರಾ? ನಮ್ಮ ದೇಶದಲ್ಲೇ ಒಬ್ಬನಿದ್ದಾನೆ. ಅಮೃತ್‌ಪಾಲ್ ಸಿಂಗ್. ಪಂಜಾಬಿನ ಅಮೃತಸರ ಜಿಲ್ಲೆಯ ಫತ್ತೂವಾಲ್ ಅನ್ನೋ ಹಳ್ಳಿ, 1991ರಲ್ಲಿ ಹುಟ್ಟಿದವನು. ಹೊಲದ ಕೆಲಸ ಮಾಡಿಕೊಂಡು ಕಬಡ್ಡಿ ಆಡ್ತಿದ್ದ. ಹದಿನೆಂಟು ಹತ್ತೊಂಬತ್ತು ವರ್ಷದವರೆಗೆ ಬಾಸ್ಕೆಟ್‌ಬಾಲ್ ಆಡಿದವನೇ ಅಲ್ಲ. ಎತ್ತರ 6 ಅಡಿ 11 ಇಂಚು. ಅಷ್ಟು ವಯಸ್ಸಾದ ಮೇಲೆ ಲುಧಿಯಾನಾದ ಬಾಸ್ಕೆಟ್‌ಬಾಲ್ ಅಕಾಡೆಮಿ ಸೇರಿದ. ಕೆಲವೇ ವರ್ಷಗಳಲ್ಲಿ ಭಾರತ ತಂಡದ ಸೆಂಟರ್ ಆದ, ಮುಂದೆ ನಾಯಕನೂ ಆದ. 2014ರ ಏಷ್ಯಾ ಕಪ್‌ನಲ್ಲಿ ಚೀನಾವನ್ನು ಚೀನಾದ ನೆಲದಲ್ಲೇ, ವುಹಾನ್‌ನಲ್ಲಿ, 65-58ರಿಂದ ಸೋಲಿಸಿದ ಭಾರತ ತಂಡದಲ್ಲಿ ಅವನಿದ್ದ. ಆಮೇಲೆ ಜಪಾನಿನಲ್ಲಿ ವೃತ್ತಿಪರ ಆಟ. 2017ರಲ್ಲಿ ಆಸ್ಟ್ರೇಲಿಯಾದ ಎನ್‌ಬಿಎಲ್ ಲೀಗಿನ ಸಿಡ್ನಿ ಕಿಂಗ್ಸ್ ತಂಡ ಅವನ ಜೊತೆ ಒಪ್ಪಂದ ಮಾಡಿಕೊಂಡಿತು. ಸಿಡ್ನಿಯಲ್ಲಿ ಅವನಿಗೆ ಅಂಕಣದಲ್ಲಿ ಹೆಚ್ಚು ನಿಮಿಷ ಸಿಗಲಿಲ್ಲ ಅನ್ನೋದು ನಿಜ. ಆದ್ರೆ ಲೆಕ್ಕ ಹಾಕಿ: ಹತ್ತೊಂಬತ್ತರವರೆಗೆ ಕಬಡ್ಡಿ ಆಡಿದ ರೈತನ ಮಗ ಇಪ್ಪತ್ತಾರಕ್ಕೆ ಆಸ್ಟ್ರೇಲಿಯಾದ ಅತ್ಯುನ್ನತ ಲೀಗಿನಲ್ಲಿ. ಗಾರ್ಡ್ ಆಗಿದ್ರೆ ಇದು ಆಗದ ಮಾತು. ಸೆಂಟರ್ ಆಗಿದ್ದಕ್ಕೆ ಆಯಿತು.

ಈಗ ಇನ್ನೊಬ್ಬನನ್ನು ನೋಡಿ. ನಿಮಗೆಲ್ಲ ಹೆಸರು ಗೊತ್ತಿರೋನು, ಸತ್ನಾಮ್ ಸಿಂಗ್. ಬಲ್ಲೋ ಕೆ ಅನ್ನೋ ಪಂಜಾಬಿನ ಪುಟ್ಟ ಹಳ್ಳಿಯವನು, ಎತ್ತರ 7 ಅಡಿ 2 ಇಂಚು. ಅವನೂ ಅದೇ ಲುಧಿಯಾನಾ ಅಕಾಡೆಮಿಯವನು. 2010ರಲ್ಲಿ, ಹದಿನಾಲ್ಕನೇ ವಯಸ್ಸಿಗೆ ಸ್ಕಾಲರ್‌ಶಿಪ್ ಸಿಕ್ಕಿ ಅಮೆರಿಕದ ಫ್ಲಾರಿಡಾದ ಐಎಂಜಿ ಅಕಾಡೆಮಿಗೆ ಹೋದ. ಇಂಗ್ಲಿಷ್ ಸರಿಯಾಗಿ ಬರದೆಯೇ ಹೋದ ಹುಡುಗ. 2015ರ ಜೂನ್‌ನಲ್ಲಿ ಡಲ್ಲಾಸ್ ಮಾವೆರಿಕ್ಸ್ ತಂಡ 52ನೇ ಆಯ್ಕೆಯಾಗಿ ಅವನನ್ನು ತಗೊಂಡಾಗ ಭಾರತದಲ್ಲಿ ಹುಟ್ಟಿ ಎನ್‌ಬಿಎ ಡ್ರಾಫ್ಟ್‌ಗೆ ಆಯ್ಕೆಯಾದ ಮೊದಲಿಗ ಅನ್ನಿಸಿಕೊಂಡ. ನೂರು ಕೋಟಿಯಲ್ಲಿ ಒಬ್ಬ ಅಂತ ಸಾಕ್ಷ್ಯಚಿತ್ರವೂ ಬಂತು. ಆಮೇಲೆ? ಎರಡು ಸೀಸನ್ ಟೆಕ್ಸಸ್ ಲೆಜೆಂಡ್ಸ್ ಅನ್ನೋ ಕಿರಿಯ ಲೀಗಿನ ತಂಡದಲ್ಲಿ, ಸ್ವಲ್ಪ ಕಾಲ ಕೆನಡಾದಲ್ಲಿ. ಎನ್‌ಬಿಎಯ ಒಂದು ಅಧಿಕೃತ ಪಂದ್ಯವನ್ನೂ ಆಡಲಿಲ್ಲ. ಈಗ ಅಮೆರಿಕದಲ್ಲಿ ವೃತ್ತಿಪರ ಕುಸ್ತಿಯ ಟೀವಿ ಶೋಗಳಲ್ಲಿ ಇದ್ದಾನೆ.

ಇವರಿಬ್ಬರನ್ನು ಅಕ್ಕಪಕ್ಕ ಇಟ್ಟು ನೋಡಿದ್ರೆ ಒಂದು ವಿಷಯ ಸ್ಪಷ್ಟ. ನಾವು ಮಕ್ಕಳಿಗೆ ತೋರಿಸೋ ಕನಸು ತಪ್ಪಾದದ್ದು. ಎನ್‌ಬಿಎಯಲ್ಲಿ 30 ತಂಡ, ತಂಡಕ್ಕೆ ಹೆಚ್ಚೂಕಡಿಮೆ 15 ಜನ. ಇಡೀ ಭೂಮಿಯಿಂದ 450 ಜನಕ್ಕೆ ಜಾಗ. ಅದನ್ನೇ ಗುರಿ ಅಂತ ತೋರಿಸಿದ್ರೆ ಕೊಟ್ಟೂರಿನ ಹುಡುಗ ನಕ್ಕು ಎದ್ದು ಹೋಗ್ತಾನೆ, ಅವನು ಹೋಗೋದು ಸರಿಯೂ ಹೌದು. ಆದ್ರೆ ಲೋಕ ಅಂದ್ರೆ ಎನ್‌ಬಿಎ ಒಂದೇ ಅಲ್ಲ. ಜಪಾನ್ ಇದೆ, ಆಸ್ಟ್ರೇಲಿಯಾ ಇದೆ, ಯುರೋಪಿನ ಒಂದೊಂದು ದೇಶದಲ್ಲೂ ಎರಡು ಮೂರು ಹಂತದ ಲೀಗ್‌ಗಳಿವೆ. ಹೆಣ್ಣುಮಕ್ಕಳ ವಿಷಯದಲ್ಲೂ ಹಾಗೇ. ಕೇರಳದ ಗೀತು ಅನ್ನಾ ಜೋಸ್, ಎತ್ತರ 6 ಅಡಿ 2 ಇಂಚು, ಭಾರತದ ಸೆಂಟರ್, 2006ರಿಂದ ಆಸ್ಟ್ರೇಲಿಯಾದ ರಿಂಗ್‌ವುಡ್ ಹಾಕ್ಸ್ ಪರವಾಗಿ ಆಡಿದಳು. 2011ರಲ್ಲಿ ಅಮೆರಿಕದ ಮಹಿಳಾ ಲೀಗಿನ ತಂಡಗಳು ಅವಳನ್ನು ಟ್ರಯಲ್ಸ್‌ಗೆ ಕರೆಸಿದವು. ಆಯ್ಕೆ ಆಗಲಿಲ್ಲ. ಆದ್ರೆ ದಕ್ಷಿಣ ರೈಲ್ವೆಯ ನೌಕರಿ ಇತ್ತು, ದೇಶದ ತಂಡ ಇತ್ತು, ಅರ್ಜುನ ಪ್ರಶಸ್ತಿಯೂ ಬಂತು. ಒಂದು ಬದುಕು ನಿಂತಿತು. ನನಗೆ ಬೇಕಾದ ಕನಸು ಈ ಅಳತೆಯದು.

ಅಮೃತ್‌ಪಾಲ್ ಆಗಲಿ, ಸತ್ನಾಮ್ ಆಗಲಿ, ಆಕಾಶದಿಂದ ಉದುರಿದವರಲ್ಲ. ಲುಧಿಯಾನಾದಲ್ಲಿ ಪಂಜಾಬ್ ಬಾಸ್ಕೆಟ್‌ಬಾಲ್ ಸಂಸ್ಥೆ ಒಂದು ಅಕಾಡೆಮಿ ಕಟ್ಟಿತ್ತು. ಅಲ್ಲಿ ಶಂಕರನ್ ಸುಬ್ರಮಣಿಯನ್ ಅನ್ನೋ ಕೋಚ್ ಇದ್ದರು. ಹೆಸರೇ ಹೇಳುತ್ತೆ, ದಕ್ಷಿಣದವರು. ಹಳ್ಳಿಗಳಿಂದ ಉದ್ದ ಹುಡುಗರನ್ನು ತಂದು, ಊಟ ವಸತಿ ಕೊಟ್ಟು, ಸೊನ್ನೆಯಿಂದ ಆಟ ಕಲಿಸೋದು ಅವರ ಪದ್ಧತಿ. ಆಟ ಕಲಿತ ಮೇಲೆ ಪಂಜಾಬ್ ಪೊಲೀಸ್ ನೌಕರಿ. ಹೀಗಾಗಿ ಅಪ್ಪ ಅಮ್ಮ ಮಗನನ್ನು ಕಳಿಸೋಕೆ ಹೆದರಲಿಲ್ಲ. ಛತ್ತೀಸ್‌ಗಢದ ಭಿಲಾಯಿಯಲ್ಲಿ ರಾಜೇಶ್ ಪಟೇಲ್ ಅನ್ನೋ ಕೋಚ್ ಇದನ್ನೇ ಹೆಣ್ಣುಮಕ್ಕಳಿಗೆ ಮಾಡಿದರು. ಬಡ ಮನೆಯ ಹುಡುಗಿಯರನ್ನು ಆಟಕ್ಕೆ ತಂದರು, ಅವರಲ್ಲಿ ಅನೇಕರು ಭಾರತಕ್ಕೆ ಆಡಿದರು, ರೈಲ್ವೆಯಲ್ಲಿ ಕೆಲಸ ಹಿಡಿದರು. 6 ಅಡಿ 11 ಇಂಚಿನ ಪೂನಮ್ ಚತುರ್ವೇದಿ ಆ ಅಂಗಳದಿಂದಲೇ ಬಂದವಳು.

ಅಂದ್ರೆ ಇದು ಒಂದು ಸರಪಳಿ. ಮೊದಲ ಕೊಂಡಿ, ನೋಡೋ ಕಣ್ಣು. ಎರಡನೆಯದು ಹೊಟ್ಟೆ ತುಂಬ ಊಟ ಇರೋ ಹಾಸ್ಟೆಲ್. ಮೂರನೆಯದು ತಾಳ್ಮೆಯ ಕೋಚ್. ನಾಲ್ಕನೆಯದು ನೌಕರಿ. ಐದನೆಯದು ಹೊರಗಿನ ಲೋಕದ ಜೊತೆ ಸಂಪರ್ಕ. ಇದರಲ್ಲಿ ಒಂದು ಕೊಂಡಿ ಕಳಚಿದ್ರೂ ಏಳಡಿ ಹುಡುಗ ಮೆಕ್ಕೆಜೋಳದ ಚೀಲ ಹೊರ್ತಾನೆ.

ಕರ್ನಾಟಕದಲ್ಲಿ ಬಾಸ್ಕೆಟ್‌ಬಾಲ್ ಇಲ್ಲ ಅಂತ ನಾನು ಹೇಳ್ತಿಲ್ಲ. ಚೆನ್ನಾಗಿಯೇ ಇದೆ. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲೇ ಭಾರತದ ಮಹಿಳೆಯರು ಕಜಕಸ್ತಾನವನ್ನು 75-73ರಿಂದ ಸೋಲಿಸಿ ಏಷ್ಯಾ ಕಪ್‌ನ ಬಿ ವಿಭಾಗ ಗೆದ್ದು ಮೇಲಿನ ವಿಭಾಗಕ್ಕೆ ಏರಿದರು. 2019ರಲ್ಲಿ ಮೇಲಿನ ವಿಭಾಗದ ಏಷ್ಯಾ ಕಪ್ ಕೂಡ ಅಲ್ಲೇ ನಡೀತು. ಅದೇ ವರ್ಷ ಬೆಂಗಳೂರಿನ ಸಂಜನಾ ರಮೇಶ್ ಸ್ಕಾಲರ್‌ಶಿಪ್ ಮೇಲೆ ಅಮೆರಿಕದ ನಾರ್ದರ್ನ್ ಅರಿಜೋನಾ ಯೂನಿವರ್ಸಿಟಿಯ ತಂಡ ಸೇರಿದಳು. ಅವಳು ಸೆಂಟರ್ ಅಲ್ಲ, ಫಾರ್ವರ್ಡ್. ಆದ್ರೂ ನಮ್ಮ ರಾಜ್ಯದ ಎತ್ತರದ ಹುಡುಗಿಯೊಬ್ಬಳಿಗೆ ಈ ಆಟ ಏನು ಕೊಡಬಹುದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ. ಆದ್ರೆ ಸಂಜನಾ ಬೆಳೆದ ಊರಿನಲ್ಲಿ ಕ್ಲಬ್‌ಗಳಿದ್ದವು, ಅಂಕಣಗಳಿದ್ದವು, ಟೂರ್ನಿಗಳಿದ್ದವು. ಬೆಂಗಳೂರು, ಮೈಸೂರು, ಮಂಡ್ಯ ಬಿಟ್ಟು ನಮ್ಮ ಕಡೆ ಬರ್ತಾ ಬರ್ತಾ ಆ ದಾರಿ ಸವೆದು ಕಾಲುದಾರಿಯಾಗಿ, ಕೂಡ್ಲಿಗಿಗೆ ಬರೋವಷ್ಟರಲ್ಲಿ ಮಾಯ.

ನಮ್ಮ ಆಯ್ಕೆಯ ಕ್ರಮವೂ ಇದಕ್ಕೆ ಕಾರಣ. ಕ್ರೀಡಾ ಇಲಾಖೆಯ ಕ್ರೀಡಾನಿಲಯಗಳು ಒಳ್ಳೆ ಕೆಲಸ ಮಾಡ್ತಿವೆ, ಬಾಸ್ಕೆಟ್‌ಬಾಲ್‌ಗೂ ಅಲ್ಲಿ ಜಾಗ ಇದೆ. ಆದ್ರೆ ಆಯ್ಕೆಗೆ ಬರೋದು ಯಾರು? ಮೊದಲೇ ಆಡಿ ಗೊತ್ತಿದ್ದೋರು, ಪೇಪರ್ ಜಾಹೀರಾತು ಓದೋ ಪಿಇ ಮೇಷ್ಟ್ರು ಇದ್ದ ಶಾಲೆಯವರು. ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ಗೆದ್ದ ತಂಡವನ್ನು ನೋಡ್ತೀವಿ, ಗೆದ್ದ ಕಪ್ ಎಣಿಸ್ತೀವಿ. ಬಾಸ್ಕೆಟ್‌ಬಾಲ್ ತಂಡವೇ ಇಲ್ಲದ ತಾಲ್ಲೂಕಿನಲ್ಲಿ ಕಪ್ ಎಲ್ಲಿಂದ ಬರಬೇಕು? ಸೆಂಟರ್ ಹುಡುಕೋಕೆ ಕಪ್ ನೋಡಬಾರದು, ಟೇಪ್ ಹಿಡಿಯಬೇಕು.

ನಮ್ಮೂರ ಪಕ್ಕದ ಊರಲ್ಲಿ ಒಬ್ಬ ಹುಡುಗ ಇದಾನೆ. ಹೆಸರು ಬೇಡ. ಎತ್ತರ ಆರಡಿ ನಾಲ್ಕಿಂಚು, ವಯಸ್ಸು ಹತ್ತೊಂಬತ್ತು. ಪಿಯುಸಿ ಆದ ಮೇಲೆ ಓದು ಬಿಟ್ಟು ಈಗ ಸೀಸನ್‌ನಲ್ಲಿ ಲಾರಿಗೆ ಚೀಲ ಏರಿಸ್ತಾನೆ. ಕಬಡ್ಡಿ ತಂಡದಲ್ಲಿ ಸ್ವಲ್ಪ ದಿನ ಇದ್ದ, ಆಮೇಲೆ ಅವನ ಉದ್ದನೆ ಕಾಲು ಹಿಡಿಯೋದು ಎದುರಾಳಿಗೆ ಸುಲಭ ಅಂತ ಬಿಟ್ಟರು. ಹೋದ ರಜೆಯಲ್ಲಿ ಸಿಕ್ಕಾಗ, "ನೀನು ಬಾಸ್ಕೆಟ್‌ಬಾಲ್ ಆಡಬೇಕಿತ್ತಲೇ ತಮ್ಮ" ಅಂದೆ. ಅವನು ಚೀಲ ಇಳಿಸಿ, ಟವೆಲ್‌ನಿಂದ ಮುಖ ಒರೆಸಿಕೊಂಡು, "ಎಲ್ಲಿ ಆಡ್ಲಿ ಅಣ್ಣ?" ಅಂದ. ವ್ಯಂಗ್ಯವಾಗಿ ಅಲ್ಲ, ನಿಜವಾಗ್ಲೂ ಕೇಳಿದ. ನಾನು ಹೇಳಬಹುದಾದ ಒಂದು ಜಾಗದ ಹೆಸರೂ ನನ್ನ ಹತ್ತಿರ ಇರಲಿಲ್ಲ. ಅಮೃತ್‌ಪಾಲ್ ಲುಧಿಯಾನಾಕ್ಕೆ ಹೋದ ವಯಸ್ಸು ಅದೇ ಹತ್ತೊಂಬತ್ತು. ಈ ಹುಡುಗನಿಗೆ ಇನ್ನೆರಡು ವರ್ಷ ಕಳೆದ್ರೆ ಆ ಬಾಗಿಲೂ ಮುಚ್ಚಿಹೋಗುತ್ತೆ.

ಇಲ್ಲಿ ನಿಮ್ಮಲ್ಲಿ ಕೆಲವರು ಎತ್ತೋ ಆಕ್ಷೇಪಗಳು ನನಗೆ ಕೇಳಿಸ್ತಿವೆ.

ಮೊದಲನೆಯದು: "ಕಬಡ್ಡಿ ನಮ್ಮ ಮಣ್ಣಿನ ಆಟ. 2014ರಿಂದ ಪ್ರೊ ಕಬಡ್ಡಿ ಬಂದು ಹಣವೂ ಬಂದಿದೆ. ಅದು ಬಿಟ್ಟು ಅಮೆರಿಕದ ಆಟ ಯಾಕೆ?" ನಾನು ಕಬಡ್ಡಿ ಬಿಡಿ ಅಂತಿಲ್ಲ. ಕಬಡ್ಡಿ ಬಿಟ್ಟವರನ್ನು ಎತ್ತಿಕೊಳ್ಳಿ ಅಂತಿದೀನಿ. ಗುರುತ್ವ ಕೇಂದ್ರ ಕೆಳಗಿದ್ದಷ್ಟೂ ಬೀಳಿಸೋದು ಕಷ್ಟ ಅಂತ ಮೊದಲ ಸೆಮ್‌ನ ಮೆಕ್ಯಾನಿಕ್ಸ್‌ನಲ್ಲೇ ಓದಿದೀವಿ. ಆರೂವರೆ ಅಡಿಯವನಿಗೆ ಕಬಡ್ಡಿ ಅಂಕಣದಲ್ಲಿ ಅದೇ ತೊಂದರೆ. ಆದ್ರೆ ಕಬಡ್ಡಿ ಅವನಿಗೆ ಕೊಟ್ಟ ವಿದ್ಯೆ ವ್ಯರ್ಥ ಅಲ್ಲ. ಸೊಂಟ ಇಳಿಸಿ, ಕಾಲು ಅಗಲಿಸಿ, ಎದುರಾಳಿಯನ್ನು ಬೆನ್ನಿನಿಂದ ತಡೆದು ಚೆಂಡಿನಿಂದ ದೂರ ಇಡೋದನ್ನ ಬಾಸ್ಕೆಟ್‌ಬಾಲಿನಲ್ಲಿ ಬಾಕ್ಸ್ ಔಟ್ ಅಂತಾರೆ. ಮೂಲೆಯಲ್ಲಿ ನಿಂತು ರೈಡರ್‌ಗೆ ಕಾಯೋ ಡಿಫೆಂಡರ್ ನಿಲುವಿಗೂ ಅದಕ್ಕೂ ದೂರ ಇಲ್ಲ. ಮೈ ತಾಗಿದ್ರೆ ಸಿಟಿ ಹುಡುಗ ರೆಫ್ರಿ ಮುಖ ನೋಡ್ತಾನೆ, ಕಬಡ್ಡಿ ಆಡಿದವನು ಚೆಂಡು ನೋಡ್ತಾನೆ. ಇನ್ನು ಅಮೆರಿಕದ ಆಟ ಅನ್ನೋ ಮಾತು. 1891ರಲ್ಲಿ ಜೇಮ್ಸ್ ನೈಸ್ಮಿತ್ ಅನ್ನೋ ಒಬ್ಬ ವ್ಯಾಯಾಮದ ಮೇಷ್ಟ್ರು ಚಳಿಗಾಲದಲ್ಲಿ ಹುಡುಗರನ್ನು ಸುಮ್ಮನಿರಿಸೋಕೆ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನ ಜಿಮ್‌ನ ಗ್ಯಾಲರಿಗೆ ಹೊಡೆದು ಶುರು ಮಾಡಿದ ಆಟ ಇದು. ಗ್ಯಾಲರಿ ಹತ್ತಡಿ ಎತ್ತರ ಇತ್ತು, ಇವತ್ತಿಗೂ ರಿಂಗ್ ಹತ್ತಡಿ. ನಮ್ಮ ಯಾವ ಶಾಲೆಯ ಪಿಇ ಮೇಷ್ಟ್ರಾದ್ರೂ ಮಾಡಬಹುದಾಗಿದ್ದ ಕೆಲಸ.

ಎರಡನೆಯದು: "ಮಳೆ ಇಲ್ಲ, ಗುಳೆ ಹೋಗೋರು ಹೋಗ್ತಿದಾರೆ, ನಿನಗೆ ಬಾಸ್ಕೆಟ್‌ಬಾಲ್ ಚಿಂತೆ." ಈ ಮಾತಿಗೆ ತೂಕ ಇದೆ. ಅದಕ್ಕೇ ನಾನು ನೌಕರಿಯ ಕೊಂಡಿಯನ್ನು ಒತ್ತಿ ಹೇಳೋದು. ಭಾರತದಲ್ಲಿ ಬಾಸ್ಕೆಟ್‌ಬಾಲ್‌ಗೆ ಗಟ್ಟಿಯಾಗಿ ನಿಂತ ದೊಡ್ಡ ಲೀಗ್ ಇಲ್ಲ. ಒಂದು ಲೀಗ್ ಬರುತ್ತೆ, ಎರಡು ಮೂರು ವರ್ಷಕ್ಕೆ ನಿಲ್ಲುತ್ತೆ, ಇನ್ನೊಂದು ಬರುತ್ತೆ. ಬೆಂಗಳೂರಿನ ಹೆಸರಿನ ತಂಡವೂ ಈಚಿನ ಲೀಗಿನಲ್ಲಿ ಆಡಿದೆ. ಇಷ್ಟಾದರೂ ರೈಲ್ವೆ, ಪೊಲೀಸ್, ಸೇನೆ, ಬ್ಯಾಂಕುಗಳ ಕ್ರೀಡಾ ಕೋಟಾ ಅನ್ನೋದು ಬಾಸ್ಕೆಟ್‌ಬಾಲ್ ಆಟಗಾರನ ನಿಜವಾದ ಆಧಾರ. ಆ ಕೋಟಾದಲ್ಲಿ ತಂಡಕ್ಕೆ ಯಾವತ್ತೂ ಬೇಕಾಗೋದು ಉದ್ದ ಆಟಗಾರರು. ಒಳ್ಳೆ ಗಾರ್ಡ್‌ಗಳು ಹತ್ತಾರು ಸಿಗ್ತಾರೆ, ಸೆಂಟರ್ ಸಿಗಲ್ಲ. ಇದು ಶೋಕಿ ಅಲ್ಲ. ಬರಗಾಲದ ತಾಲ್ಲೂಕಿನ ಮನೆಯೊಂದಕ್ಕೆ ಒಂದು ಸರ್ಕಾರಿ ಸಂಬಳ ಅಂದ್ರೆ ಏನು ಅಂತ ನಾನು ನಿಮಗೆ ಹೇಳಬೇಕಿಲ್ಲ.

ಮೂರನೆಯದು, ಅಪಾಯದ ಮಾತು. ಇದನ್ನು ಮುಚ್ಚಿಟ್ಟು ಕನಸು ಮಾರೋದು ತಪ್ಪು. ಮೇಲೆ ಹೊಗಳಿದ ಇಬ್ಬರೂ ಪಂಜಾಬಿನ ಸೆಂಟರ್‌ಗಳು 2020ರಲ್ಲಿ ಡೋಪಿಂಗ್ ನಿಯಮ ಉಲ್ಲಂಘನೆಗೆ ನಾಡಾದಿಂದ ನಿಷೇಧಕ್ಕೆ ಒಳಗಾದರು. ಅಮೃತ್‌ಪಾಲ್‌ಗೆ ಒಂದು ವರ್ಷ, ಸತ್ನಾಮ್‌ಗೆ ಎರಡು ವರ್ಷ. ಒಬ್ಬನ ಮಾದರಿಯಲ್ಲಿ ಸಿಕ್ಕಿದ್ದು ಟರ್ಬ್ಯುಟಲೀನ್. ಇದು ನಮ್ಮ ಮೆಡಿಕಲ್ ಶಾಪಿನಲ್ಲಿ ಸಿಗೋ ಎಷ್ಟೋ ಕೆಮ್ಮಿನ ಸಿರಪ್‌ಗಳಲ್ಲೂ ಇರೋ ಔಷಧಿ. ಇನ್ನೊಬ್ಬನದು ಹೈಜಿನಮೀನ್, ಇದು ಕೆಲವು ಸಪ್ಲಿಮೆಂಟ್ ಪುಡಿಗಳಲ್ಲಿ ಇರುತ್ತೆ. ಹಳ್ಳಿಯಿಂದ ಬಂದ ಆಟಗಾರನಿಗೆ ಬಾಟಲಿಯ ಮೇಲಿನ ಸಣ್ಣ ಇಂಗ್ಲಿಷ್ ಅಕ್ಷರ ಓದಿ ಹೇಳೋರು ಬೇಕು. ಹುಡುಗನನ್ನು ಕಳಿಸಿಬಿಟ್ಟರೆ ಸಾಲದು, ಅವನ ಭಾಷೆಯಲ್ಲಿ ಅವನಿಗೆ ಎಚ್ಚರಿಕೆ ಹೇಳಬೇಕು.

ಹಾಗಾದ್ರೆ ಏನು ಮಾಡಬೇಕು? ನಾನು ಕೋಟಿಗಟ್ಟಲೆ ಯೋಜನೆ ಹೇಳಲ್ಲ.

ಒಂದು, ಎತ್ತರದ ಪಟ್ಟಿ. ಈ ಐದು ತಾಲ್ಲೂಕುಗಳ ಪ್ರೌಢಶಾಲೆ, ಪಿಯು ಕಾಲೇಜು, ಹಾಸ್ಟೆಲ್‌ಗಳಲ್ಲಿ ವರ್ಷಕ್ಕೆ ಒಂದು ಸಲ ಎತ್ತರ ಅಳೆದು ಬರೆದಿಡೋದು. ಹದಿನಾರರ ಹೊತ್ತಿಗೆ 6 ಅಡಿ 2 ಇಂಚು ದಾಟಿದ ಹುಡುಗರು, 5 ಅಡಿ 9 ಇಂಚು ದಾಟಿದ ಹುಡುಗಿಯರು ಎಷ್ಟು ಜನ ಇದಾರೆ ಅಂತ ಒಂದು ಪುಟದಲ್ಲಿ ಬರಬೇಕು. ಇದಕ್ಕೆ ಬೇಕಾದ್ದು ಒಂದು ಗೋಡೆ, ಒಂದು ಟೇಪ್, ಒಂದು ಪೆನ್ಸಿಲ್.

ಎರಡು, ತಾಲ್ಲೂಕು ಕೇಂದ್ರಕ್ಕೊಂದು ಸಿಮೆಂಟಿನ ಅಂಕಣ, ಸಂಜೆಗೆ ಲೈಟ್. ರಿಂಗ್ ಬಾಗದೆ ಇರಲಿ, ಗೇಟಿಗೆ ಬೀಗ ಬೀಳದೆ ಇರಲಿ. ಉದ್ಘಾಟನೆ ದಿನ ಬ್ಯಾನರ್ ಕಟ್ಟೋಕೆ ಮಾತ್ರ ಆ ಕಂಬ ಉಪಯೋಗಕ್ಕೆ ಬರಬಾರದು.

ಮೂರು, ತಡವಾಗಿ ಶುರು ಮಾಡೋರಿಗೇ ಮೀಸಲಾದ ಒಂದು ವಸತಿ ಶಿಬಿರ. ಹದಿನಾರರಿಂದ ಹತ್ತೊಂಬತ್ತರವರೆಗಿನ, ಆಟ ಗೊತ್ತಿಲ್ಲದ, ಎತ್ತರ ಇರೋ ಮಕ್ಕಳಿಗೆ ಎರಡು ವರ್ಷ. ಇದು ಹೊಸಪೇಟೆಯಲ್ಲಿ ಆಗಬಹುದು. ನಮ್ಮ ಪಕ್ಕದಲ್ಲೇ, ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಹತ್ತಿರ, ಜೆಎಸ್‌ಡಬ್ಲ್ಯುನವರ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ನೀರಜ್ ಚೋಪ್ರಾ ತರಬೇತಿ ಪಡೆದ ಜಾಗ. ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್ ಅಲ್ಲಿ ಕಲಿಸ್ತಾರೆ. ದೇಶದ ಮೂಲೆಮೂಲೆಯ ಮಕ್ಕಳು ನಮ್ಮ ಸೀಮೆಗೆ ಬಂದು ಒಲಿಂಪಿಕ್ಸ್‌ಗೆ ತಯಾರಾಗ್ತಾರೆ. ಒಳ್ಳೇದೇ. ಆ ಬೆಳಕಿನಲ್ಲಿ ಒಂದು ಕೋಣೆಯಷ್ಟು ನಮ್ಮ ಎತ್ತರದ ಮಕ್ಕಳಿಗೂ ಬೀಳಲಿ ಅಂತ ಕೇಳೋದು ಅತಿಯಾಸೆ ಅಲ್ಲ.

ನಾಲ್ಕನೆಯದು ನಮ್ಮ ಕೆಲಸ. ಕಾಲೇಜಿನಲ್ಲಿ ಕೂತು ಈ ಪತ್ರಿಕೆ ಓದ್ತಿರೋ ನಮ್ಮದು. ನಮ್ಮ ಕಾಲೇಜಿನಲ್ಲಿ ಅಂಕಣ ಇದೆ, ತಂಡ ಇದೆ. ಈ ಐದು ತಾಲ್ಲೂಕಿನಿಂದ ಬಂದವರೂ ಪ್ರತಿ ಬ್ಯಾಚಿನಲ್ಲಿ ಇದ್ದೇ ಇರ್ತೀವಿ. ರಜೆಗೆ ಊರಿಗೆ ಹೋದಾಗ ಹತ್ತು ದಿನ, ದಿನಕ್ಕೆ ಎರಡು ಗಂಟೆ ಆಡಿಸಬಹುದು. ತಂಡದವರು ಬಿಸಾಕೋ ಹಳೇ ಚೆಂಡು ಒಯ್ಯಬಹುದು. ಮೆಕ್ಯಾನಿಕಲ್‌ನವರು ಜಿಐ ಪೈಪಿನ ಗಟ್ಟಿ ಕಂಬ ಡಿಸೈನ್ ಮಾಡಿ ಊರ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು. ಮಿನಿ ಪ್ರಾಜೆಕ್ಟ್‌ಗೆ ಇದಕ್ಕಿಂತ ಒಳ್ಳೆ ವಿಷಯ ಯಾವುದು?

ಕನ್ನಡ ಸಂಘಕ್ಕೆ ಒಂದು ವಿಶೇಷ ಕೆಲಸ ಇದೆ. ಈ ಆಟವನ್ನು ಕಲಿಸೋ ಒಂದು ಕೈಪಿಡಿಯನ್ನ ನಮ್ಮ ಕಡೆಯ ಕನ್ನಡದಲ್ಲಿ ಬರೆಯೋದು. ಪಿವಟ್ ಅಂದ್ರೆ ಏನು? ಒಂದು ಕಾಲು ನೆಲಕ್ಕೆ ಊರಿ, ಅದನ್ನು ಎತ್ತದೆ, ಇನ್ನೊಂದು ಕಾಲಲ್ಲಿ ಸುತ್ತ ತಿರುಗೋದು, ಬೀಸುವ ಕಲ್ಲಿನ ಗೂಟದ ಹಾಗೆ. ಸ್ಕ್ರೀನ್ ಅಂದ್ರೆ ಕದಲದೆ ಗೋಡೆಯಾಗಿ ನಿಲ್ಲೋದು. ಮೂರು ಸೆಕೆಂಡಿನ ನಿಯಮ ಅಂದ್ರೆ ನಿಮ್ಮ ತಂಡದ ಕೈಲಿ ಚೆಂಡು ಇರೋವಾಗ ಎದುರಾಳಿಯ ಬುಟ್ಟಿ ಮುಂದಿನ ಬಣ್ಣದ ಚೌಕದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ಠಿಕಾಣಿ ಹೂಡಬಾರದು. ಇಂಗ್ಲಿಷ್ ಬರಲ್ಲ ಅನ್ನೋ ಕಾರಣಕ್ಕೆ ಎಷ್ಟು ಮಕ್ಕಳು ಕೋಚ್ ಮುಂದೆ ತಲೆ ಆಡಿಸಿ, ಅರ್ಥ ಆಗದೆ, ಮೂರನೇ ದಿನ ಬರೋದನ್ನೇ ಬಿಡ್ತಾರೆ ಅಂತ ಕನ್ನಡ ಮೀಡಿಯಂನಿಂದ ಬಂದ ನಮಗೆ ಗೊತ್ತಿಲ್ಲದ್ದಲ್ಲ. ಮೊದಲ ಸೆಮ್‌ನ ಮೊದಲ ವಾರ ನಾವೆಲ್ಲ ಹಾಗೇ ತಲೆ ಆಡಿಸಿದವರು.

ಇದೆಲ್ಲ ಮಾಡಿದ್ರೂ ನಮ್ಮ ಸೀಮೆಯಿಂದ ಒಬ್ಬ ಅಮೃತ್‌ಪಾಲ್ ಬಂದೇ ಬರ್ತಾನೆ ಅಂತ ಯಾರೂ ಬರೆದುಕೊಡಲ್ಲ. ಇಪ್ಪತ್ತು ಮಕ್ಕಳಲ್ಲಿ ಇಬ್ಬರು ರಾಜ್ಯ ತಂಡದ ಹತ್ತಿರ ಹೋಗಬಹುದು, ಒಬ್ಬಳಿಗೆ ರೈಲ್ವೆಯಲ್ಲಿ ಕೆಲಸ ಸಿಗಬಹುದು, ಉಳಿದವರಿಗೆ ಗಟ್ಟಿ ಮೈ ಮತ್ತು ಬಗ್ಗದ ಬೆನ್ನು. ಇಷ್ಟು ಸಿಕ್ಕರೂ ನನಗೆ ಲಾಭವೇ.

ಮೈಲಾರದ ಜಾತ್ರೆಯಲ್ಲಿ ಗೊರವಪ್ಪ ಬಿಲ್ಲನ್ನೇರಿ ಕಾರ್ಣಿಕ ನುಡಿಯೋವಾಗ ಲಕ್ಷಾಂತರ ಜನ ಉಸಿರು ಬಿಗಿ ಹಿಡಿದು ತಲೆ ಎತ್ತಿ ನೋಡ್ತೀವಿ. ಎತ್ತರಕ್ಕೆ ಮರ್ಯಾದೆ ಕೊಡೋದು ನಮಗೆ ಗೊತ್ತಿದೆ. ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಎತ್ತರದ ಹುಡುಗಿಯೊಬ್ಬಳು ಎದುರು ಬಂದ್ರೆ ಅದೇ ಮರ್ಯಾದೆ ಎಲ್ಲಿ ಹೋಗುತ್ತೆ?

ಈ ಸಲ ರಜೆಗೆ ಹೋಗೋವಾಗ ಬ್ಯಾಗಿನಲ್ಲಿ ಒಂದು ಅಳತೆ ಟೇಪ್ ಇಟ್ಟುಕೊಳ್ಳಿ. ನೀವು ಓದಿದ ಶಾಲೆಗೆ ಹೋಗಿ ಹೆಡ್ ಮೇಷ್ಟ್ರನ್ನ ಕೇಳಿ, ಒಂದು ಗೋಡೆ ಹುಡುಕಿ, ಅಳೀರಿ. ಸಿಕ್ಕ ಅಳತೆಗಳನ್ನು ಕನ್ನಡ ಸಂಘದ ಕೊಠಡಿಯಲ್ಲಿ ಇಟ್ಟಿರೋ ದಪ್ಪ ನೋಟ್‌ಬುಕ್‌ನಲ್ಲಿ ತಾಲ್ಲೂಕಿನ ಹೆಸರಿನ ಕೆಳಗೆ ಬರೀರಿ. ಐದೂ ತಾಲ್ಲೂಕಿಗೆ ಐದು ಪುಟ ನಾನೇ ಗೆರೆ ಹಾಕಿ ಇಟ್ಟಿದೀನಿ. ಸದ್ಯಕ್ಕೆ ಕೊಟ್ಟೂರಿನ ಪುಟದಲ್ಲಿ ಒಂದೇ ಸಾಲು ಇದೆ: ಆರಡಿ ನಾಲ್ಕಿಂಚು, ಹತ್ತೊಂಬತ್ತು ವರ್ಷ. ಉಳಿದ ನಾಲ್ಕು ಖಾಲಿ.